ಉಬ್ಬಿದ್ದು ಬೇರೆ, ತಗ್ಗಿದ್ದು ಬೇರೆ: ಹಳೇ ಗಾಡಿಯ ನಂಬರ್ ಹುಡುಕುವ ಕೆಲಸ

(ಹಳೇ ಗಾಡಿ ಇಟ್ಟುಕೊಂಡವರು ಸೇರಿದ್ದ ಒಂದು ಭಾನುವಾರದ ಸಭೆಯಲ್ಲಿ ಆಡಿದ ಮಾತುಗಳು. ಬರೆಯುವಾಗ ಅಲ್ಲಲ್ಲಿ ತಿದ್ದಿದ್ದೇನೆ. ಸಭೆಯವರು ಕೇಳಿದ ಪ್ರಶ್ನೆಗಳನ್ನು ಹಾಗೇ ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಮೈಕ್ ಬೇಡ ಅಂದೆ. ಗ್ಯಾರೇಜಿನಲ್ಲಿ ಕೂಗಿ ಕೂಗಿ ಗಂಟಲು ಪಳಗಿದೆ, ಹಿಂದೆ ಕೂತವರಿಗೂ ಕೇಳಿಸುತ್ತದೆ.

ಮೊದಲು ನನ್ನದೇ ಒಂದು ತಪ್ಪು ಹೇಳಿಬಿಡುತ್ತೇನೆ. ನಾನು ಕೊಂಡ ಮೊದಲ ಹಳೇ ಕಾರು ಅರವತ್ತರ ದಶಕದ ಫಿಯೆಟ್ 1100. ಒಬ್ಬರ ತೋಟದ ಮನೆಯ ಶೆಡ್ಡಿನಲ್ಲಿ ತೆಂಗಿನ ಗರಿ, ಕೋಳಿ ಬುಟ್ಟಿ ಹೊತ್ತುಕೊಂಡು ವರ್ಷಗಟ್ಟಲೆ ನಿಂತಿತ್ತು. ಮನೆಗೆ ತಂದ ವಾರದೊಳಗೆ ಎಂಜಿನ್ ಇಳಿಸಿದೆ. ಎಂಜಿನ್ ಹಿಂದೆ ತಗಡಿನ ಗೋಡೆ ಇರುತ್ತದಲ್ಲ, ಫೈರ್‌ವಾಲ್, ಅದರ ಮೇಲೆ ಮೂರು ಪದರ ಬಣ್ಣ, ಗ್ರೀಸು, ಧೂಳು. ಗ್ರೈಂಡರಿಗೆ ತಂತಿ ಚಕ್ರ ಸಿಕ್ಕಿಸಿ ಉಜ್ಜಿದೆ. ಸಾಲದು ಅಂತ ಕಲ್ಲಿನ ಚಕ್ರವನ್ನೂ ಹಾಕಿದೆ. ಬೆಳ್ಳಿ ತಟ್ಟೆ ಥರ ಹೊಳೆಯಿತು. ಹೆಸರು ಬದಲಾವಣೆಗೆ ಅಂತ ಗಾಡಿ ತೋರಿಸಿದ ದಿನ ಇನ್‌ಸ್ಪೆಕ್ಟರು ಬಾನೆಟ್ ಎತ್ತಿಸಿ, ಬಗ್ಗಿ, ಆ ಹೊಳೆಯುವ ಜಾಗದ ಮೇಲೆ ಬೆರಳಿಟ್ಟರು. "ಇಲ್ಲಿದ್ದ ಚಾಸಿ ನಂಬರ್ ಏನ್ ಮಾಡಿದ್ರಿ?"

ಏನು ಹೇಳಲಿ? ಚಾಸಿ ನಂಬರ್ ಅಂದರೆ ಗಾಡಿಯ ಮೈಗೇ ಹೊಡೆದ ಅದರ ಗುರುತಿನ ನಂಬರ್. ಅದನ್ನೇ ಉಜ್ಜಿಬಿಟ್ಟಿದ್ದೆ. ಆ ಹೆಸರು ಬದಲಾವಣೆಗೆ ಹನ್ನೊಂದು ತಿಂಗಳು ಹಿಡಿಯಿತು. ಅವರನ್ನು ಬೈಯುವ ಹಾಗಿಲ್ಲ. ಕದ್ದ ಗಾಡಿಯವನೂ ಅದನ್ನೇ ಮಾಡುತ್ತಾನೆ ಅಲ್ವಾ? ಮೊದಲು ನಂಬರ್ ಉಜ್ಜುತ್ತಾನೆ.

ಅಂದಿನಿಂದ ನನಗೆ ಈ ನಂಬರುಗಳ ಹುಚ್ಚು ಹಿಡಿಯಿತು. ಈಗ ಯಾರ ಹಳೇ ಗಾಡಿ ಸಿಕ್ಕರೂ ಮೊದಲು ಟಾರ್ಚ್ ಹಿಡಿದು ಕೆಳಗೆ ನುಗ್ಗುತ್ತೇನೆ. ಬಣ್ಣ, ಸೀಟು, ಕ್ರೋಮು ಎಲ್ಲ ಆಮೇಲೆ. ಇವತ್ತೂ ಹೊರಗೆ ಒಂದು ಜೀಪು ನಿಂತಿದೆ, ನೋಡಿದಿರಿ. ಮಾಲೀಕರು ಬಂದ ಕೂಡಲೇ ಹೇಳಿದರು: "ಸಾರ್, ಆರು ವರ್ಷದಿಂದ ಹುಡುಕ್ತಿದೀನಿ, ಚಾಸಿ ನಂಬರೇ ಸಿಕ್ತಿಲ್ಲ." ಅದರ ಹತ್ತಿರ ಕೊನೆಯಲ್ಲಿ ಹೋಗೋಣ.

ನಂಬರ್ ಸಿಗುತ್ತಿಲ್ಲ ಅನ್ನುವವರಿಗೆ ನನ್ನದೊಂದೇ ಪ್ರಶ್ನೆ. ಯಾವ ನಂಬರ್ ಹುಡುಕ್ತಿದೀರಿ? ಹಳೇ ಗಾಡಿಯ ಮೈತುಂಬ ನಂಬರುಗಳಿರುತ್ತವೆ. ಎಂಜಿನ್ ಬ್ಲಾಕಿನ ಮೇಲೆ ಮೂರು ನಾಲ್ಕು ಕಡೆ, ಹೆಡ್ಡಿನ ಮೇಲೆ, ಗೇರ್‌ಬಾಕ್ಸಿನ ಮೇಲೆ, ಕಾರ್ಬೊರೇಟರ್ ಮೇಲೆ. ಹೊಸಬರು ಬ್ಲಾಕಿನ ಮೇಲೆ ದಪ್ಪ ಅಕ್ಷರ ಕಂಡ ತಕ್ಷಣ ಫೋಟೋ ತೆಗೆದು "ಎಂಜಿನ್ ನಂಬರ್ ಸಿಕ್ತು" ಅಂತ ಕಳಿಸುತ್ತಾರೆ. ಸಿಕ್ಕಿರುವುದು ಎರಕದ ನಂಬರ್. ಆ ಅಚ್ಚಿನಲ್ಲಿ ಹುಯ್ದ ಸಾವಿರಾರು ಬ್ಲಾಕುಗಳ ಮೇಲೂ ಅದೇ ಇರುತ್ತದೆ.

ಗುರುತು ಹಿಡಿಯುವುದು ಸುಲಭ. ಬೆರಳಾಡಿಸಿ ನೋಡಿ. ಉಬ್ಬಿದ್ದರೆ ಅದು ಎರಕದ ಜೊತೆ ಬಂದದ್ದು, ಬಿಡಿಭಾಗದ ನಂಬರ್. ತಗ್ಗಾಗಿದ್ದರೆ ಯಾರೋ ಪಂಚ್ ಇಟ್ಟು ಸುತ್ತಿಗೆಯಿಂದ ಹೊಡೆದದ್ದು. ನಿಮಗೆ ಬೇಕಾದ್ದು ತಗ್ಗಿನದು. ಸಾಮಾನ್ಯವಾಗಿ ಅದಕ್ಕೆಂದೇ ಚಪ್ಪಟೆಯಾಗಿ ಕೊರೆದ ಒಂದು ಪುಟ್ಟ ಜಾಗವಿರುತ್ತದೆ. ಅಂಕಿಗಳು ಸ್ವಲ್ಪ ಸೊಟ್ಟ ಇದ್ದರೆ ಹೆದರಬೇಡಿ. ಕೈಯಲ್ಲಿ ಒಂದೊಂದೇ ಅಂಕಿ ಹೊಡೆದ ಕಾಲದ ಗಾಡಿಗಳಲ್ಲಿ ಅಂಕಿ ಸಾಲಾಗಿ ನಿಂತಿರುವುದೇ ಕಡಿಮೆ. ಲೇಸರಿನಲ್ಲಿ ಕೆತ್ತಿದ ಹಾಗೆ ನೀಟಾಗಿದ್ದರೆ ನನಗೆ ಅನುಮಾನ ಜಾಸ್ತಿ.

ಈಗಿನ ಕಾರುಗಳಿಗೆ 17 ಅಕ್ಷರದ ಒಂದೇ ನಂಬರ್. ಅಮೆರಿಕದಲ್ಲಿ ಅದು 1981ರ ಮಾದರಿಗಳಿಂದ ಕಡ್ಡಾಯವಾಯಿತು. ಅದರಲ್ಲಿ ಇಂಗ್ಲಿಷಿನ ಐ, ಓ, ಕ್ಯೂ ಅಕ್ಷರಗಳನ್ನು ಬಳಸುವುದಿಲ್ಲ. ಒಂದು, ಸೊನ್ನೆ ಅಂತ ಓದಿಬಿಡುತ್ತಾರೆ ಅಂತ. ಭಾರತದಲ್ಲಿ ತಯಾರಾದ ಕಾರಿನದು ಸಾಮಾನ್ಯವಾಗಿ 'ಎಂಎ' ಅಂತ ಶುರುವಾಗುತ್ತದೆ. ನಿಮ್ಮ ತಾತನ ಗಾಡಿಯಲ್ಲಿ ಇದು ಯಾವುದೂ ಇರುವುದಿಲ್ಲ. ಐದಂಕಿ, ಆರಂಕಿ, ಹಿಂದೆ ಮುಂದೆ ಒಂದೆರಡು ಅಕ್ಷರ, ಅಷ್ಟೇ. 17 ಇಲ್ಲ ಅಂತ ಗಾಬರಿಪಟ್ಟು ನನಗೆ ಫೋನ್ ಮಾಡಿದವರೂ ಇದ್ದಾರೆ.

ಹಾಗಾಗಿ ಗಾಡಿಯ ಕೆಳಗೆ ಮಲಗುವ ಮೊದಲು ಬೀರು ತೆಗೆಯಿರಿ. ಕಾಗದ ಮೊದಲು, ಕಬ್ಬಿಣ ಆಮೇಲೆ. ಆರ್‌ಸಿ ಬುಕ್ ಇದ್ದರೆ ಸರಿ. ಇಲ್ಲದಿದ್ದರೆ ಹಳೇ ಇನ್ಶೂರೆನ್ಸ್ ಪಾಲಿಸಿ, ಟ್ಯಾಕ್ಸ್ ಕಾರ್ಡ್, ಗ್ಯಾರೇಜಿನ ಬಿಲ್ಲು. ಟ್ರಂಕಿನ ತಳದಲ್ಲಿ ಜಾತಕದ ಜೊತೆ ಸಿಕ್ಕಿದ ಉದಾಹರಣೆ ಇದೆ. ಏನೂ ಇಲ್ಲ, ಬರೀ ನಂಬರ್ ಪ್ಲೇಟ್ ಇದೆ ಅಂದರೆ ಗಾಡಿ ರಿಜಿಸ್ಟ್ರೇಷನ್ ಆದ ಆರ್‌ಟಿಒ ಕಚೇರಿಗೆ ಹೋಗಿ 'ಬಿ ಎಕ್ಸ್‌ಟ್ರಾಕ್ಟ್' ಕೇಳಿ. ಬಿ ರಿಜಿಸ್ಟರಿನಲ್ಲಿ ನಿಮ್ಮ ಗಾಡಿಯ ಬಗ್ಗೆ ಏನು ಬರೆದಿದೆಯೋ ಅದರ ನಕಲು ಅದು. ಚಾಸಿ ನಂಬರ್, ಎಂಜಿನ್ ನಂಬರ್, ಮಾಲೀಕರ ಹೆಸರು ಎಲ್ಲ ಸಿಗುತ್ತದೆ. ಎಂವೈ, ಸಿಎ ಅಂತ ಶುರುವಾಗುವ ಪ್ಲೇಟುಗಳು, ಅಂದರೆ ಕೆಎ ಬರುವ ಮುಂಚಿನವು, ಅವುಗಳ ದಾಖಲೆ ದಪ್ಪ ರಟ್ಟಿನ ಲೆಡ್ಜರುಗಳಲ್ಲಿರುತ್ತದೆ. ಹುಡುಕಿ ಕೊಡುವ ಗುಮಾಸ್ತರ ಜೊತೆ ತಾಳ್ಮೆಯಿಂದಿರಿ. ಧೂಳು ಕುಡಿಯುವವರು ಅವರು.

ಕಾಗದದ ಮೇಲಿರುವುದೆಲ್ಲ ಸರಿ ಅಂತಲೂ ತಿಳಿಯಬೇಡಿ. ಕೈಬರಹದ ಲೆಡ್ಜರಿನಲ್ಲಿ 3 ಮತ್ತು 8, 1 ಮತ್ತು 7, 5 ಮತ್ತು 'ಎಸ್' ಅವಳಿ ಮಕ್ಕಳಿದ್ದ ಹಾಗೆ. ಅಲ್ಲಿಂದ ಆರ್‌ಸಿ ಬುಕ್ಕಿಗೆ, ಬುಕ್ಕಿನಿಂದ ಸ್ಮಾರ್ಟ್ ಕಾರ್ಡಿಗೆ, ಕಾರ್ಡಿನಿಂದ ಕಂಪ್ಯೂಟರಿಗೆ ಇಳಿಯುವಾಗ ಒಂದೊಂದು ಮೆಟ್ಟಿಲಲ್ಲೂ ಒಂದು ಅಂಕಿ ಜಾರಬಹುದು. ಹಳೇ ಗಾಡಿಯ ವಿವರವನ್ನು ಆರ್‌ಟಿಒ ಕಚೇರಿಗಳು ಬಳಸುವ ವಾಹನ್ ತಂತ್ರಾಂಶಕ್ಕೆ ಸೇರಿಸುವುದಕ್ಕೆ ಬ್ಯಾಕ್‌ಲಾಗ್ ಎಂಟ್ರಿ ಅನ್ನುತ್ತಾರೆ. ಅದನ್ನು ಮಾಡಿಸುವಾಗ ಪಕ್ಕದಲ್ಲೇ ನಿಂತು ಅಕ್ಷರ ಅಕ್ಷರ ಓದಿಸಿ. ಆಮೇಲೆ ಆನ್‌ಲೈನ್ ಅರ್ಜಿ ಹಾಕಲು ಹೋದರೆ ಅದು ಚಾಸಿ ನಂಬರಿನ ಕೊನೆಯ ಐದು ಅಕ್ಷರ ಕೇಳುತ್ತದೆ. ಒಂದು ತಪ್ಪಿದ್ದರೂ ನಿಮ್ಮ ಗಾಡಿಯನ್ನು ಗುರುತೇ ಹಿಡಿಯುವುದಿಲ್ಲ.

ಈಗ ಕೆಳಗೆ ಮಲಗೋಣ. ಜೀಪಿನ ವಿಷಯ ಸ್ವಲ್ಪ ಉದ್ದಕ್ಕೆ ಹೇಳುತ್ತೇನೆ. ಮಲೆನಾಡು, ಕೊಡಗಿನ ಕಡೆಯಿಂದ ಬಂದವರು ಇಲ್ಲಿ ಜಾಸ್ತಿ ಇದ್ದೀರಿ. ಜೊತೆಗೆ ಜೀಪಿನಷ್ಟು ಮಜಾ ಬೇರೆ ಯಾವ ಗಾಡಿಯಲ್ಲೂ ಇಲ್ಲ.

ಎರಡನೇ ಮಹಾಯುದ್ಧದಲ್ಲಿ ಒಂದೇ ಜೀಪನ್ನು ಎರಡು ಕಂಪನಿ ಮಾಡಿದವು. ವಿಲ್ಲಿಸ್ ಮಾಡಿದ್ದು ಎಂಬಿ, ಫೋರ್ಡ್ ಮಾಡಿದ್ದು ಜಿಪಿಡಬ್ಲ್ಯು. ಎರಡೂ ಸೇರಿ ಆರು ಲಕ್ಷಕ್ಕೂ ಜಾಸ್ತಿ. ಯುದ್ಧ ಮುಗಿದ ಮೇಲೆ ಸೇನೆ ಬಿಟ್ಟುಹೋದ ಜೀಪುಗಳು ಇಲ್ಲೂ ಹರಾಜಾಗಿ ತೋಟ ಸೇರಿದವು. 1949ರಿಂದ ಮಹೀಂದ್ರಾದವರು ವಿಲ್ಲಿಸ್ ಜೀಪಿನ ಬಿಡಿಭಾಗ ತರಿಸಿ ಇಲ್ಲೇ ಜೋಡಿಸತೊಡಗಿದರು. ಆ ಕಥೆ ಬೇರೆ.

ಎಂಬಿ, ಜಿಪಿಡಬ್ಲ್ಯು ದೂರದಿಂದ ನೋಡಿದರೆ ಒಂದೇ. ಮುಂದೆ ಕುಕ್ಕರಗಾಲಲ್ಲಿ ಕೂತು ರೇಡಿಯೇಟರಿನ ಕೆಳಗೆ, ಎರಡು ಚಾಸಿ ಮೆಂಬರುಗಳ, ಅಂದರೆ ಗಾಡಿಯ ಉದ್ದಕ್ಕೂ ಹೋಗುವ ಎರಡು ಕಬ್ಬಿಣದ ತೊಲೆಗಳ ನಡುವಿನ ಅಡ್ಡ ಪಟ್ಟಿ ನೋಡಿ. ದುಂಡನೆಯ ಕೊಳವೆಯಾಗಿದ್ದರೆ ವಿಲ್ಲಿಸ್ ಚಾಸಿ. ಮಗುಚಿಟ್ಟ ದೋಣಿಯ ಹಾಗೆ ಚೌಕನೆಯದಾಗಿದ್ದರೆ ಫೋರ್ಡ್. ಫೋರ್ಡಿನವರಿಗೆ ಇನ್ನೊಂದು ಚಟವಿತ್ತು. ಬೋಲ್ಟಿನ ತಲೆಯ ಮೇಲೂ ಪುಟ್ಟದಾಗಿ ತಮ್ಮ 'ಎಫ್' ಅಕ್ಷರ ಹೊಡೆಯುತ್ತಿದ್ದರು. ಎಪ್ಪತ್ತೆಂಬತ್ತು ವರ್ಷದ ಕೆಸರು ಕೆರೆದಾಗ ಆ ಎಫ್ ಕಂಡರೆ ನನಗೆ ಈಗಲೂ ರೋಮಾಂಚನ.

ನಂಬರ್ ಎಲ್ಲಿ? ಎಂಬಿಯಲ್ಲಿ ಅದು ಒಂದು ಸಣ್ಣ ತಗಡಿನ ಫಲಕದ ಮೇಲಿರುತ್ತದೆ. ಆ ಫಲಕವನ್ನು ಮುಂದಿನ ಬಂಪರಿನ ಹಿಂದೆ, ಎಡ ಚಾಸಿ ಮೆಂಬರಿನ ಒಳಮೈಗೆ ರಿವೆಟ್ ಮಾಡಿರುತ್ತಾರೆ. ಜಿಪಿಡಬ್ಲ್ಯುನಲ್ಲಿ ಫಲಕವಿಲ್ಲ. ಎಡ ಮೆಂಬರಿನ ಮೇಲ್ಮೈಗೇ, ಎಂಜಿನ್ ಕೂರುವ ಬ್ರಾಕೆಟ್ಟಿನ ಆಸುಪಾಸಿನಲ್ಲಿ ನೇರ ಹೊಡೆದಿರುತ್ತಾರೆ. ಎಂಜಿನ್ ನಂಬರ್ ಬ್ಲಾಕಿನ ಬಲಗಡೆ, ಆಯಿಲ್ ಫಿಲ್ಟರಿನ ಹತ್ತಿರದ ದಪ್ಪ ಉಬ್ಬಿನ ಮೇಲೆ. ಇದಲ್ಲದೆ ಡ್ಯಾಶ್‌ಬೋರ್ಡಿನ ಗ್ಲೋವ್ ಬಾಕ್ಸ್ ಮುಚ್ಚಳದ ಮೇಲೂ ಫಲಕ ಇರುತ್ತದೆ. ಅದನ್ನು ಮಾತ್ರ ನಂಬಿಕೊಂಡು ವ್ಯಾಪಾರ ಮಾಡಬೇಡಿ. ಹೊಸದಾಗಿ ಮಾಡಿದ ಫಲಕಗಳು ಮಾರಾಟಕ್ಕೇ ಸಿಗುತ್ತವೆ.

ಫೋರ್ಡಿನಲ್ಲಿ ಕಾರ್ಖಾನೆಯಿಂದ ಹೊರಬರುವಾಗ ಚಾಸಿ ಮತ್ತು ಎಂಜಿನ್ ನಂಬರ್ ಒಂದೇ ಇರುತ್ತಿತ್ತು. ವಿಲ್ಲಿಸ್‌ನಲ್ಲಿ ಎರಡೂ ಬೇರೆ ಬೇರೆ. ಆದರೆ ಸೇನೆಯ ವರ್ಕ್‌ಶಾಪುಗಳಲ್ಲಿ ಜೀಪು ಬಿಚ್ಚಿ ಮತ್ತೆ ಕಟ್ಟುವಾಗ ಯಾರ ಎಂಜಿನ್ ಯಾರ ಚಾಸಿಗೆ ಅಂತ ಯಾರೂ ಲೆಕ್ಕ ಇಡಲಿಲ್ಲ. ಯುದ್ಧದ ಅವಸರ. ಅದಕ್ಕೇ ಫೋರ್ಡ್ ಚಾಸಿಯ ಮೇಲೆ ವಿಲ್ಲಿಸ್ ಎಂಜಿನ್ ಕಂಡರೆ ಯಾರೋ ಮೋಸ ಮಾಡಿದ್ದಾರೆ ಅಂದುಕೊಳ್ಳಬೇಕಿಲ್ಲ. ಆರ್‌ಸಿಯಲ್ಲೂ ಹಾಗೇ ಇದ್ದರೆ ಅದೇ ಆ ಗಾಡಿಯ ನಿಜ.

ಜೀಪು ಇಲ್ಲದವರು ಬೇಸರ ಮಾಡಿಕೊಳ್ಳಬೇಡಿ, ಬೇರೆ ಗಾಡಿಗಳಿಗೆ ಬರುತ್ತೇನೆ.

ಫೋರ್ಡ್ ಮಾಡೆಲ್ ಟಿ ಇದ್ದವರಿಗೆ ಎಂಜಿನ್ ನಂಬರೇ ಕಾರಿನ ನಂಬರ್. 1908ರಿಂದ 1927ರವರೆಗೆ ಒಂದೂವರೆ ಕೋಟಿ ಕಾರು ಮಾಡಿದರು. ನಂಬರ್ ಇರುವುದು ಎಂಜಿನ್ನಿನ ಎಡಗಡೆ, ನೀರು ಒಳಗೆ ಹೋಗುವ ಬಾಯಿಯ ಮೇಲ್ಗಡೆ. ಅದರ ನಂತರದ ಮಾಡೆಲ್ ಎ ಕಾರಿನಲ್ಲೂ ಎಂಜಿನ್ ಮೇಲೆ ಅದೇ ಜಾಗ, ಆಚೆ ಈಚೆ ಒಂದೊಂದು ನಕ್ಷತ್ರ. ಮಾಡೆಲ್ ಎ ಚಾಸಿಯ ಎಡ ಮೆಂಬರಿನ ಮೇಲೂ ಅದೇ ನಂಬರ್ ಹೊಡೆದಿದ್ದಾರೆ. ಆದರೆ ಅದು ಬಾಡಿಯ ಅಡಿಗೆ ಸಿಕ್ಕಿಕೊಂಡಿದೆ. ಬಾಡಿ ಸಡಿಲ ಮಾಡಿ ಮೇಲೆತ್ತದೆ ಕಾಣಿಸುವುದಿಲ್ಲ. ಅಮೆರಿಕದ ಎಷ್ಟೋ ರಾಜ್ಯಗಳು ಐವತ್ತರ ದಶಕದ ಆರಂಭದವರೆಗೂ ಎಂಜಿನ್ ನಂಬರ್ ನೋಡಿಯೇ ಟೈಟಲ್ ಕೊಡುತ್ತಿದ್ದವು. ಟೈಟಲ್ ಅಂದರೆ ಅಲ್ಲಿ ಒಡೆತನದ ಪತ್ರ, ರಿಜಿಸ್ಟ್ರೇಷನ್ ಬೇರೆ. ನಮ್ಮಲ್ಲಿ ಎರಡಕ್ಕೂ ಆರ್‌ಸಿಯನ್ನೇ ಮುಂದಿಡುತ್ತೇವೆ. ಹಾಗಾಗಿ ಅಲ್ಲಿ ಎಂಜಿನ್ ಬದಲಾಯಿಸಿದ ದಿನ ಆ ಕಾರಿನ ಹೆಸರೇ ಬದಲಾದ ಹಾಗೆ. ಅಲ್ಲಿರುವ ನಮ್ಮವರು ಯಾರಾದರೂ ಹಳೇ ಫೋರ್ಡ್ ಕೊಳ್ಳುವ ಆಸೆಯಲ್ಲಿದ್ದರೆ ಟೈಟಲಿನ ನಂಬರ್ ಎಂಜಿನ್ನಿನದೋ ಚಾಸಿಯದೋ ಅಂತ ಮೊದಲು ಕೇಳಲಿ. ಅಲ್ಲಿ ಗಾಜಿನ ಮೂಲಕ ಕಾಣುವ ಹಾಗೆ ಡ್ಯಾಶ್‌ಬೋರ್ಡಿನ ಮೇಲೆ ನಂಬರ್ ಇಡುವ ನಿಯಮ ಬಂದದ್ದೇ 1969ರ ಮಾದರಿಗಳಿಂದ.

ಫೋಕ್ಸ್‌ವ್ಯಾಗನ್ ಬೀಟಲ್ ಇದ್ದವರು ಕೈ ಎತ್ತಿ. ಒಬ್ಬರೇ? ಹಿಂದಿನ ಸೀಟು ಎತ್ತಿ ಸಾರ್. ನಡುವೆ ಉದ್ದಕ್ಕೆ ಹೋಗುವ ಸುರಂಗದ ಮೇಲೆ ಹೊಡೆದಿರುತ್ತಾರೆ. ಬ್ಯಾಟರಿಯೂ ಆ ಸೀಟಿನ ಕೆಳಗೇ ಇರುವುದರಿಂದ ಆಸಿಡ್ ಚೆಲ್ಲಿ ಸುತ್ತಮುತ್ತ ತುಕ್ಕು ಇರುತ್ತದೆ, ಹುಷಾರಾಗಿ ಒರೆಸಿ. 1965ರ ಮಾದರಿಯಿಂದ ಆ ನಂಬರ್ ಓದುವುದು ಮಕ್ಕಳಾಟ. 115 ಅಂತ ಶುರುವಾದರೆ 11 ಅಂದರೆ ಬೀಟಲ್, 5 ಅಂದರೆ 1965ರ ಮಾದರಿ.

ಇಂಗ್ಲಿಷ್ ಗಾಡಿಗಳಲ್ಲಿ ಫೈರ್‌ವಾಲಿನ ಮೇಲೆ ಹಿತ್ತಾಳೆ ಅಥವಾ ಅಲ್ಯೂಮಿನಿಯಂ ಫಲಕ ಹುಡುಕಿ. ಎಂಜಿ ಟಿಸಿಯಂಥ ಕಾರಿನಲ್ಲಿ ಫಲಕದ ಜೊತೆಗೆ ಚಾಸಿಯ ಎಡ ಮೂತಿಯ ಮೇಲೂ ನಂಬರ್ ಹೊಡೆದಿರುತ್ತದೆ, ಎರಡೂ ತಾಳೆಯಾಗಬೇಕು. ಎಂಜಿಯ ನಂಬರುಗಳು 1ರಿಂದ ಶುರುವಾಗುವುದಿಲ್ಲ, 0251ರಿಂದ. ಯಾಕೆ ಗೊತ್ತಾ? ಆಬಿಂಗ್ಡನ್ ಊರಿನ ಅವರ ಕಾರ್ಖಾನೆಯ ಫೋನ್ ನಂಬರ್ 251! ರೋಲ್ಸ್ ರಾಯ್ಸ್‌ನವರು ಇನ್ನೂ ಒಂದು ಕೈ ಮೇಲೆ. ಚಾಸಿ ನಂಬರಿನಲ್ಲಿ 13 ಬಂದರೆ ಅದನ್ನು ಬಿಟ್ಟು ಮುಂದೆ ಹೋಗುತ್ತಿದ್ದರು. ನಾವು ರಾಹುಕಾಲ ನೋಡಿದರೆ ನಗುತ್ತಾರೆ.

ರೋಲ್ಸ್ ರಾಯ್ಸ್ ಮಾತು ಬಂದಾಗ ಮೈಸೂರು ಬರಲೇಬೇಕಲ್ಲ. ನಮ್ಮ ಮಹಾರಾಜರು ಒಂದೇ ಸಲಕ್ಕೆ ಏಳೇಳು ಕಾರು ತರಿಸುತ್ತಿದ್ದರಂತೆ, ಅದಕ್ಕೇ ಆ ಕಂಪನಿಯಲ್ಲಿ ಸಗಟು ಆರ್ಡರಿಗೆ 'ಡೂಯಿಂಗ್ ಎ ಮೈಸೂರ್' ಅನ್ನುತ್ತಿದ್ದರಂತೆ. ಕಥೆಯಲ್ಲಿ ಮಸಾಲೆ ಎಷ್ಟೋ, ಇರಲಿ. ನಮಗೆ ಬೇಕಾದ ವಿಷಯ ಬೇರೆ. ಆ ಕಾಲದ ರೋಲ್ಸ್ ರಾಯ್ಸ್ ಕಂಪನಿ ಮಾಡುತ್ತಿದ್ದದ್ದು ಚಾಸಿ ಮತ್ತು ಎಂಜಿನ್ ಮಾತ್ರ. ಮೇಲಿನ ಬಾಡಿಯನ್ನು ಹೂಪರ್, ಬಾರ್ಕರ್‌ನಂಥ ಬೇರೆಯವರು ಕಟ್ಟುತ್ತಿದ್ದರು. ಅವರ ಬಾಡಿ ನಂಬರ್ ಬೇರೆಯೇ ಇರುತ್ತದೆ. ಬಾಡಿ ನಂಬರನ್ನು ಚಾಸಿ ನಂಬರ್ ಅಂತ ಅರ್ಜಿಯಲ್ಲಿ ಬರೆದು ಪೇಚಾಡಿದವರನ್ನು ನೋಡಿದ್ದೇನೆ.

ಇಂಗ್ಲೆಂಡಿನವರ ಒಂದು ಗುಣ ಮೆಚ್ಚಬೇಕು. ಕಾಗದ ಬಿಸಾಡುವುದಿಲ್ಲ. ಪ್ರತಿ ರೋಲ್ಸ್ ರಾಯ್ಸ್ ಚಾಸಿಗೂ ಒಂದು ಕಾರ್ಡ್ ಬರೆದಿಟ್ಟಿದ್ದರು. ಅವನ್ನು ಈಗ ನಾರ್ಥಾಂಪ್ಟನ್‌ಶೈರಿನ ಹಂಟ್ ಹೌಸಿನಲ್ಲಿ ಅಲ್ಲಿನ ಅಭಿಮಾನಿಗಳ ಕ್ಲಬ್ಬು ಜೋಪಾನ ಮಾಡಿದೆ. ಆಸ್ಟಿನ್, ಮಾರಿಸ್, ಎಂಜಿ ಕಾರುಗಳ ದಾಖಲೆ ಗೇಡನ್‌ನ ಬ್ರಿಟಿಷ್ ಮೋಟರ್ ಮ್ಯೂಸಿಯಂನಲ್ಲಿದೆ. ಚಾಸಿ ನಂಬರ್ ಕಳಿಸಿ, ಹಣ ಕಟ್ಟಿದರೆ ದಾಖಲೆಯಲ್ಲಿರುವ ಮಟ್ಟಿಗೆ ಎಂದು ತಯಾರಾಯಿತು, ಎಂಜಿನ್ ನಂಬರ್ ಏನು, ಮೊದಲು ಯಾವ ಬಣ್ಣವಿತ್ತು ಅಂತ ಸರ್ಟಿಫಿಕೇಟ್ ಕೊಡುತ್ತಾರೆ. ಹಡಗಿನಲ್ಲಿ ಬಂದ ಕಾರು ನಿಮ್ಮದಾಗಿದ್ದರೆ ಆ ಹಣ ದಂಡವಲ್ಲ. ಅಂಕಿಯೊಂದು ಅಳಿಸಿಹೋಗಿ ಜಗಳವಾದಾಗ ಬೇರೆಯವರ ಕೈಬರಹದ ಸಾಕ್ಷಿ ನಿಮ್ಮ ಪರ ನಿಲ್ಲುತ್ತದೆ.

ಜಾಗ ಗೊತ್ತಾಯಿತು. ಈಗ ನಂಬರನ್ನು ಹೊರಗೆ ತರುವುದು. ಗ್ರೈಂಡರಿನ ಪ್ಲಗ್ಗು ಕಿತ್ತು ಪಕ್ಕಕ್ಕಿಡಿ. ಒಂದು ಬಟ್ಟಲು ಸೀಮೆಎಣ್ಣೆ, ಹಳೇ ಹಲ್ಲುಜ್ಜುವ ಬ್ರಷ್, ಹಳೇ ಬನಿಯನ್ ಸಾಕು. ಮೊದಲು ಗ್ರೀಸು ನೆನೆಯಲಿ. ಅರ್ಧ ಗಂಟೆ ಬಿಟ್ಟು ಒರೆಸಿ. ಕೆಳಗೆ ಬಣ್ಣವಿದ್ದರೆ ಪೇಂಟ್ ರಿಮೂವರ್ ಸವರಿ. ಬಣ್ಣ ಗುಳ್ಳೆ ಎದ್ದ ಮೇಲೆ ಮರದ ಚಕ್ಕೆಯಿಂದ ಕೆರೆಯಿರಿ, ಸ್ಕ್ರೂಡ್ರೈವರಿನಿಂದ ಬೇಡ. ಸ್ಕ್ರೂಡ್ರೈವರ್ ಎಳೆದ ಒಂದು ಗೀರು ಮುಂದೆ 1 ಆಗಿ ಕಾಣಿಸುತ್ತದೆ. ತುಕ್ಕು ಇದ್ದರೆ ತೆಳು ಎಮರಿ ಪೇಪರಿಗೆ ಎಣ್ಣೆ ಹಚ್ಚಿ ಬೆರಳ ತುದಿಯಲ್ಲಿ ಮೆಲ್ಲಗೆ, ಪಾತ್ರೆ ಉಜ್ಜುವ ಜೋರಲ್ಲಿ ಅಲ್ಲ.

ಆಮೇಲೆ ಟಾರ್ಚ್. ನೇರ ಹಿಡಿದರೆ ಏನೂ ಕಾಣುವುದಿಲ್ಲ. ಲೋಹಕ್ಕೆ ಒರಗಿಸಿದ ಹಾಗೆ, ಪಕ್ಕದಿಂದ ಬೆಳಕು ಬಿಡಿ. ಸಂಜೆ ಬಿಸಿಲಲ್ಲಿ ಗದ್ದೆಯ ಬದುಗಳ ನೆರಳು ಉದ್ದಕ್ಕೆ ಬೀಳುತ್ತದಲ್ಲ, ಹಾಗೆ ತಗ್ಗಿನ ಅಂಚೆಲ್ಲ ನೆರಳಾಗಿ ಎದ್ದು ಬರುತ್ತದೆ. ಟಾರ್ಚನ್ನು ನಿಧಾನ ಸುತ್ತ ತಿರುಗಿಸಿ. ಎಡದಿಂದ 3 ಕಂಡದ್ದು ಮೇಲಿನಿಂದ 8 ಆಗುವುದುಂಟು. ಹಾಗಾದರೆ ಅದು 8. ಇಲ್ಲದ ಗೆರೆ ಬೆಳಕಿಗೆ ಹುಟ್ಟುವುದಿಲ್ಲ. ಸೀಮೆಸುಣ್ಣ ಉಜ್ಜಿ ಒರೆಸಿದರೂ ಆಗುತ್ತದೆ, ತಗ್ಗಿನಲ್ಲಿ ಬಿಳಿ ಉಳಿಯುತ್ತದೆ.

ಕೊನೆಗೆ ಪೆನ್ಸಿಲ್ ಪ್ರಿಂಟ್. ಬ್ರೋಕರುಗಳು ಕಚೇರಿಯ ಮುಂದೆ ತೆಗೆಯುವುದನ್ನು ನೋಡಿದ್ದೀರಿ. ಜಾಗ ಒಣಗಿರಲಿ, ಎಣ್ಣೆ ಇದ್ದರೆ ಕಾಗದ ಜಾರುತ್ತದೆ. ತೆಳು ಕಾಗದ ಇಟ್ಟು, ಮೆತ್ತನೆ ಪೆನ್ಸಿಲನ್ನು ಮಲಗಿಸಿ ಒಂದೇ ದಿಕ್ಕಿಗೆ ಉಜ್ಜಿ. ಅಂಕಿ ಬೆಳ್ಳಗೆ ಬರುತ್ತದೆ. ಐದಾರು ಪ್ರಿಂಟ್ ತೆಗೆದಿಟ್ಟುಕೊಳ್ಳಿ, ಹಿಂದೆ ತಾರೀಖು ಬರೆಯಿರಿ. ಕೆಲಸ ಶುರು ಮಾಡುವ ಮೊದಲು ಒಂದು, ಬಣ್ಣ ಹೊಡೆದ ಮೇಲೆ ಇನ್ನೊಂದು. ಟಿಂಕರಿಂಗ್‌ಗೆ ಗಾಡಿ ಬಿಡುವಾಗ ಆ ಜಾಗಕ್ಕೆ ಗ್ರೀಸು ಮೆತ್ತಿ ಮೇಲೆ ಟೇಪ್ ಅಂಟಿಸಿ, ಮೇಸ್ತ್ರಿಗೆ ಬೆರಳಿಟ್ಟು ತೋರಿಸಿ ಹೇಳಿ. ಪುಟ್ಟಿ ಹಾಕಿ ನೈಸ್ ಮಾಡುವುದು ಅವರ ಕಸುಬು. ತಗ್ಗು ಕಂಡರೆ ತುಂಬುತ್ತಾರೆ.

ನನ್ನ ಫಿಯೆಟ್ ಏನಾಯಿತು ಅಂತ ಆಗಲೇ ಒಬ್ಬರು ಕೇಳಿದರು. ಪೂರ್ತಿ ಹೋಗಿರಲಿಲ್ಲ. ಕತ್ತಲಲ್ಲಿ ಟಾರ್ಚ್ ಹಿಡಿದು ಕೂತಾಗ ಆರಂಕಿಯಲ್ಲಿ ನಾಲ್ಕು ಮಸುಕಾಗಿ ಕಂಡವು. ಬಿ ಎಕ್ಸ್‌ಟ್ರಾಕ್ಟಿನ ನಂಬರಿಗೆ ಆ ನಾಲ್ಕೂ ಹೊಂದಿದವು, ಎಂಜಿನ್ ನಂಬರ್ ಪೂರ್ತಿ ಹೊಂದಿತು. ಅಷ್ಟರ ಮೇಲೆ ಒಪ್ಪಿದರು. ಪೂರ್ತಿ ಉಜ್ಜಿದರೂ ಎಷ್ಟೋ ಸಲ ನಂಬರ್ ಸಾಯುವುದಿಲ್ಲ ಅನ್ನುವುದು ಆಮೇಲೆ ಗೊತ್ತಾಯಿತು. ಪಂಚ್ ಹೊಡೆದಾಗ ತಗ್ಗಿನ ಕೆಳಗಿನ ಲೋಹವೂ ಅದುಮಿಕೊಂಡು ಬದಲಾಗಿರುತ್ತದೆ. ಮೇಲ್ಮೈ ನುಣ್ಣಗೆ ಮಾಡಿ ಆಸಿಡ್ ಮಿಶ್ರಣ ಸವರಿದರೆ ಆ ಅದುಮಿದ ಭಾಗ ಬೇರೆ ಥರ ಸವೆದು ಅಂಕಿ ತೇಲಿ ಬರುತ್ತದೆ. ಕದ್ದ ಗಾಡಿಯ ಕೇಸುಗಳಲ್ಲಿ ಫೊರೆನ್ಸಿಕ್ ಲ್ಯಾಬಿನವರು ಹೀಗೇ ನಂಬರ್ ಎಬ್ಬಿಸುತ್ತಾರೆ. ಮನೆಯಲ್ಲಿ ಪ್ರಯೋಗ ಮಾಡಬೇಡಿ. ಒಂದು ಸಲ ಎದ್ದ ಅಂಕಿ ಮತ್ತೆ ಏಳುತ್ತದೆ ಅನ್ನುವ ಭರವಸೆಯಿಲ್ಲ, ನೋಡಬೇಕಾದವರ ಮುಂದೆ ಏಳಬೇಕು.

ಇನ್ನು ಕಾನೂನು, ಬೇಗ ಮುಗಿಸುತ್ತೇನೆ. ಮೋಟಾರು ವಾಹನ ಕಾಯ್ದೆಯ 55ನೇ ಕಲಮು ಓದಿಕೊಳ್ಳಿ. ಗಾಡಿಯ ಮೇಲೆ ಹೊಡೆದ ಎಂಜಿನ್ ಅಥವಾ ಚಾಸಿ ನಂಬರ್ ಆರ್‌ಸಿಯಲ್ಲಿರುವುದಕ್ಕಿಂತ ಬೇರೆಯಾಗಿದ್ದರೆ, ನಿಮ್ಮ ಮಾತು ಕೇಳಿದ ಮೇಲೆ, ರಿಜಿಸ್ಟ್ರೇಷನ್ ರದ್ದು ಮಾಡುವ ಅಧಿಕಾರ ಅಲ್ಲಿದೆ. ಎಂಜಿನ್ ಬದಲಾಯಿಸಿದರೆ ಆರ್‌ಸಿಯಲ್ಲಿ ಬರೆಸಬೇಕು. ಆರ್‌ಸಿ ಕಳೆದಿದ್ದರೆ ನಕಲಿಗೆ ಫಾರಂ 26. ಅಪ್ಪ ತೀರಿಕೊಂಡು ಗಾಡಿ ಅವರ ಹೆಸರಲ್ಲೇ ಇದ್ದರೆ ಫಾರಂ 31.

50 ವರ್ಷ ದಾಟಿದ ಗಾಡಿಗಳಿಗೆ 2021ರ ಜುಲೈನಲ್ಲಿ ಕೇಂದ್ರ ಸರ್ಕಾರ ಬೇರೆ ನಿಯಮ ತಂದಿತು. ಮೊದಲ ಸಲ ರಿಜಿಸ್ಟ್ರೇಷನ್ ಆದ ದಿನದಿಂದ 50 ವರ್ಷ ಲೆಕ್ಕ. ಹೊಸದಾಗಿ ವಿಂಟೇಜ್ ರಿಜಿಸ್ಟ್ರೇಷನ್ ಮಾಡಿಸಲು 20,000 ರೂಪಾಯಿ, 10 ವರ್ಷ ನಡೆಯುತ್ತದೆ, ಮರು ರಿಜಿಸ್ಟ್ರೇಷನ್‌ಗೆ 5,000. ಪ್ಲೇಟಿನಲ್ಲಿ ರಾಜ್ಯದ ಅಕ್ಷರದ ನಂತರ 'ವಿಎ' ಬರುತ್ತದೆ. ಈಗಾಗಲೇ ರಿಜಿಸ್ಟ್ರೇಷನ್ ಇದ್ದವರು ಹಳೇ ನಂಬರನ್ನೇ ಉಳಿಸಿಕೊಳ್ಳಬಹುದು. ತಾತನ ಎಂವೈ ಪ್ಲೇಟು ಬಿಟ್ಟುಕೊಡಲು ಯಾರಿಗೆ ಮನಸ್ಸು ಬರುತ್ತದೆ ಹೇಳಿ. ರ‍್ಯಾಲಿ, ಪ್ರದರ್ಶನ, ರಿಪೇರಿ, ಪೆಟ್ರೋಲ್ ಹಾಕಿಸಲು ಓಡಿಸಬಹುದು. ದಿನಾ ಆಫೀಸಿಗೆ ಹೋಗುವ ಹಾಗಿಲ್ಲ. ಹೊರದೇಶದಿಂದ ಬಂದದ್ದಾದರೆ ಬಿಲ್ ಆಫ್ ಎಂಟ್ರಿ, ಅಂದರೆ ಕಸ್ಟಮ್ಸ್‌ನ ಆಮದು ಪತ್ರ ಬೇಕು. ಮುಖ್ಯ ವಿಷಯ, ಚಾಸಿ, ಬಾಡಿ, ಎಂಜಿನ್ ದೊಡ್ಡದಾಗಿ ಬದಲಾಯಿಸಿರಬಾರದು ಅನ್ನುತ್ತದೆ ಆ ನಿಯಮ. ಅದನ್ನು ನೋಡುವವರು ಶುರು ಮಾಡುವುದೇ ನಾನು ಇಷ್ಟೊತ್ತು ಹೇಳಿದ ನಂಬರುಗಳಿಂದ.

ಪ್ರಶ್ನೆ ಕೇಳಿ.

"ನಮ್ಮ ಜೀಪಿಗೆ ಅಪ್ಪ ಪೂಜೋ ಡೀಸೆಲ್ ಎಂಜಿನ್ ಹಾಕ್ಸಿದ್ರು. ಏನ್ ಮಾಡೋದು?"

ಮಲೆನಾಡಿನ ಅರ್ಧ ಜೀಪುಗಳ ಕಥೆ ಅದು. ಆಗ ಆರ್‌ಸಿಯಲ್ಲಿ ಬರೆಸಿದ್ದರೆ ಮಾಮೂಲಿ ರಿಜಿಸ್ಟ್ರೇಷನ್‌ಗೆ ತೊಂದರೆಯಿಲ್ಲ. ವಿಂಟೇಜ್ ಬೇಕಾದರೆ ಆ ಎಂಜಿನ್ ಅಡ್ಡ ಬರುತ್ತದೆ. ಹಳೇ ಪೆಟ್ರೋಲ್ ಎಂಜಿನ್ ಗುಜರಿಗೆ ಹಾಕಿದರಾ, ತೋಟದ ಪಂಪಿಗೆ ಹಾಕಿದರಾ, ವಿಚಾರಿಸಿ. ಪಂಪ್‌ಹೌಸಿನಲ್ಲಿ ಸಿಕ್ಕಿದ್ದುಂಟು.

"ಆರ್‌ಸಿಲಿ ಇರೋ ನಂಬರನ್ನೇ ಲೇತ್‌ನವರ ಹತ್ರ ಹೊಡೆಸಿಬಿಟ್ರೆ ಮುಗೀತಲ್ವಾ ಸಾರ್? ಪಂಚ್ ಸೆಟ್ ಜೆ.ಸಿ. ರಸ್ತೇಲೇ ಸಿಗುತ್ತೆ."

ಎಲ್ಲರೂ ನಕ್ಕಿರಿ, ಆದರೆ ಹೀಗೆ ಮಾಡಿದವರು ಈ ಹಾಲಿನಲ್ಲೇ ಇರಬಹುದು. ಗಾಡಿ ನಿಮ್ಮದೇ, ನಂಬರ್ ಸರಿಯಾದದ್ದೇ, ಆದರೂ ಹೊಡೆಸಬೇಡಿ. ಮುಂದೆಂದಾದರೂ ಪರೀಕ್ಷೆ ಮಾಡಿದಾಗ ಇದು ಹೊಸ ಹೊಡೆತ ಅಂತ ಗೊತ್ತಾದರೆ ನಿಮ್ಮ ಸ್ವಂತ ಗಾಡಿಯೇ ಕದ್ದ ಮಾಲಿನ ಹಾಗೆ ಕಾಣುತ್ತದೆ. ಕಚೇರಿಯ ಅನುಮತಿ ಬರವಣಿಗೆಯಲ್ಲಿ ಸಿಕ್ಕಿದ ಮೇಲೆ, ಅವರು ಹೇಳಿದ ಹಾಗೆ ಮಾತ್ರ. ಮಸುಕಾದ ನಾಲ್ಕು ಅಂಕಿ ನನ್ನ ಕೆಲಸ ಮಾಡಿಕೊಟ್ಟವು. ಅದರ ಮೇಲೆ ನಾನು ಹೊಸದಾಗಿ ಆರು ಹೊಡೆದಿದ್ದರೆ ಆ ನಾಲ್ಕೂ ಹೋಗುತ್ತಿದ್ದವು.

ಸರಿ, ಕಾಫಿ ಬರುವುದರೊಳಗೆ ಜೀಪು ನೋಡಿಬಿಡೋಣ. ಯಾರ ಹತ್ತಿರ ಟಾರ್ಚ್ ಇದೆ? ಮೊಬೈಲಿನದು ಬೇಡ.

(ಆಮೇಲಿನದು ಸೇರಿಸಿ ಬರೆದದ್ದು. ಸುಮಾರು ಇಪ್ಪತ್ತು ಜನ ಜೀಪಿನ ಸುತ್ತ ನಿಂತೆವು. ಆರ್‌ಸಿಯಲ್ಲಿ 'ವಿಲ್ಲಿಸ್ ಜೀಪ್' ಅಂತಿತ್ತು, ಚಾಸಿ ನಂಬರ್ ಬರೀ ಆರಂಕಿ, ಅಕ್ಷರವಿಲ್ಲ. ವಿಲ್ಲಿಸ್ ಅಂದ ಮೇಲೆ ಫಲಕ ಇರಬೇಕು ಅಂತ ಮಾಲೀಕರೂ ಅವರ ಮೆಕ್ಯಾನಿಕ್ಕೂ ಆರು ವರ್ಷ ಮೆಂಬರಿನ ಒಳಮೈ ತಡಕಿದ್ದರು. ರಿವೆಟ್ಟಿನ ತೂತು ಕೂಡ ಇರಲಿಲ್ಲ. ಕುಕ್ಕರಗಾಲಲ್ಲಿ ಕೂತು ನೋಡಿದರೆ ಮುಂದಿನ ಅಡ್ಡ ಪಟ್ಟಿ ಕೊಳವೆಯಲ್ಲ, ಮಗುಚಿದ ದೋಣಿ. ಬರೆದುಕೊಂಡವರು ಆಗಿನ ಕಾಲಕ್ಕೆ ಎಲ್ಲ ಜೀಪನ್ನೂ ವಿಲ್ಲಿಸ್ ಅಂತಲೇ ಬರೆದಿರಬೇಕು. ಎಡ ಮೆಂಬರಿನ ಮೇಲ್ಮೈಗೆ ಯಾವ ಕಾಲದಲ್ಲೋ ತುಕ್ಕು ಹಿಡಿಯದಿರಲಿ ಅಂತ ಡಾಂಬರು ಬಳಿದಿದ್ದರು, ಹಪ್ಪಳದಷ್ಟು ದಪ್ಪ. ಸೀಮೆಎಣ್ಣೆ ಹಾಕಿ ನೆನೆಸಿದೆವು. ಕಾಫಿ ಕುಡಿದು ಬಂದು ಮರದ ಚಕ್ಕೆಯಿಂದ ಎಬ್ಬಿಸಿದಾಗ ಮೊದಲು 'ಜಿ' ಕಂಡಿತು, ಆಮೇಲೆ 'ಪಿ', 'ಡಬ್ಲ್ಯು', ಅದರ ಮುಂದೆ ಎರಡು ಅಂಕಿ. ಎರಡೂ ಆರ್‌ಸಿಯದೇ. ಮಾಲೀಕರು ಮಾತಾಡಲಿಲ್ಲ, ಹೆಂಡತಿಗೆ ಫೋನ್ ಹಚ್ಚಿದರು. ಉಳಿದ ನಾಲ್ಕು ಅಂಕಿಯ ಮೇಲೆ ಸ್ಟೀರಿಂಗ್ ಬಾಕ್ಸಿನ ಹತ್ತಿರದವರೆಗೂ ಯಾರೋ ಒಂದು ತಗಡು ತುಂಡು ವೆಲ್ಡ್ ಮಾಡಿದ್ದಾರೆ. ಅದನ್ನು ಬಿಡಿಸುವುದು ಅವಸರದ ಕೆಲಸವಲ್ಲ. ಮೊದಲು ಕಚೇರಿಗೆ ಒಂದು ಪತ್ರ ಬರೆದು, ಅವರು ಬಂದು ನೋಡಿದ ಮೇಲೆ ಬಿಡಿಸೋಣ ಅಂತ ಹೇಳಿ ಬಂದಿದ್ದೇನೆ.)